ಲೇಸರ್‌ಗೆ 24 ಸಾವಿರ, ಡೀಪ್ ಕ್ಲೀನಿಂಗ್‌ಗೆ 1,800: ನನ್ನ ವಸಡಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ವಸಡಿನ ರೋಗಕ್ಕೆ ನನ್ನ ಓಟು ಡೀಪ್ ಕ್ಲೀನಿಂಗ್‌ಗೆ, ಅಂದರೆ ವಸಡಿನ ಕೆಳಗೆ ಹಲ್ಲಿನ ಬೇರನ್ನು ಕೆರೆದು ಚೊಕ್ಕ ಮಾಡುವುದಕ್ಕೆ. ಲೇಸರ್‌ಗೆ ದುಡ್ಡು ಸುರಿದು ಆಮೇಲೆ ಈ ದಾರಿಗೆ ಬಂದವನು ನಾನು. ಸ್ವಲ್ಪ ಸಿಟ್ಟು ಇನ್ನೂ ಉಳಿದಿದೆ, ಅದನ್ನು ಕಳೆದು ಓದಿಕೊಳ್ಳಿ.

ಹಲ್ಲುಜ್ಜುವಾಗ ರಕ್ತ ಬರೋದು ಎರಡು ವರ್ಷದಿಂದ ಇತ್ತು. ಉಪ್ಪುನೀರು ಮುಕ್ಕಳಿಸುವುದು, ಲವಂಗದ ಎಣ್ಣೆ ಹಚ್ಚುವುದು, ಬ್ರಷ್ ಬದಲಾಯಿಸುವುದು, ಎಲ್ಲ ಆಯಿತು. ಒಂದು ದಿನ ಸೀಬೆಹಣ್ಣು ಕಚ್ಚಿದೆ. ಹಣ್ಣಿನ ಬಿಳಿ ತಿರುಳಿನ ಮೇಲೆ ನನ್ನ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು. ಅವತ್ತೇ ಡಾಕ್ಟರ ಹತ್ತಿರ ಓಡಿದೆ.

ಮನೆಮದ್ದಿನ ಬಗ್ಗೆ ಒಂದೇ ಮಾತು: ಉಪ್ಪುನೀರಿಗೆ ವಸಡು ಹಾಯೆನಿಸುತ್ತದೆ, ಹಲ್ಲಿಗೆ ಅಂಟಿ ಕಲ್ಲಾದ ಕೊಳೆ, ಅಂದರೆ ಗಾರೆ (ಟಾರ್ಟರ್) ಮಾತ್ರ ಅಲ್ಲಾಡುವುದಿಲ್ಲ.

ಮೊದಲು ಹೋಗಿದ್ದು ಆಫೀಸಿನ ಹತ್ತಿರದ ಒಂದು ಕ್ಲಿನಿಕ್ಕಿಗೆ. ಲೇಸರ್ ಮಾಡುತ್ತೇವೆ, ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ಮಧ್ಯಾಹ್ನವೇ ಕೆಲಸಕ್ಕೆ ಹೋಗಬಹುದು ಎಂದರು. ಬಾಯನ್ನು ನಾಲ್ಕು ಭಾಗ ಮಾಡಿ, ಭಾಗಕ್ಕೆ ಆರು ಸಾವಿರ. ಹೊಲಿಗೆ ಅಂದರೆ ನನಗೆ ಮೊದಲಿಂದಲೂ ಭಯ. ಒಪ್ಪಿಕೊಂಡೆ. ಮೇಲೆ ಮೇಲೆ ಹತ್ತು ನಿಮಿಷ ಕ್ಲೀನಿಂಗ್ ಮಾಡಿದರು. ಆಮೇಲೆ ಬಣ್ಣದ ಕನ್ನಡಕ ಹಾಕಿಸಿ, ತೆಳ್ಳನೆಯ ತಂತಿಯಂಥದ್ದನ್ನು ಹಲ್ಲು ಮತ್ತು ವಸಡಿನ ಸಂದಿಗೆ ಇಳಿಸಿದರು. ಕೂದಲು ಸುಟ್ಟ ಹಾಗೆ ಸಣ್ಣ ವಾಸನೆ. ನೋವು ಇಲ್ಲವೇ ಇಲ್ಲ ಅನ್ನಬಹುದು. ಮೂರು ವಾರ ಒಂದು ಹನಿ ರಕ್ತ ಬರಲಿಲ್ಲ. ಮನೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಆರನೇ ವಾರಕ್ಕೆ ಬೇಸಿನ್ ಮತ್ತೆ ಗುಲಾಬಿ.

ಆಮೇಲೆ ಹೋದದ್ದು ಡೆಂಟಲ್ ಕಾಲೇಜಿಗೆ. ನಮ್ಮ ದಾವಣಗೆರೆಯಲ್ಲಿ ಅಂಥವು ಎರಡಿವೆ, ಆದರೂ ಮೊದಲೇ ಹೋಗುವ ಬುದ್ಧಿ ಬರಲಿಲ್ಲ. ಅಲ್ಲಿ ಪಿಜಿ ಮಾಡುತ್ತಿದ್ದ ಹುಡುಗಿ ಗೀಟು ಹಾಕಿದ ಒಂದು ಸಣ್ಣ ಕಡ್ಡಿ ಹಿಡಿದು, ಒಂದೊಂದು ಹಲ್ಲಿನ ಸುತ್ತ ಆರಾರು ಕಡೆ ವಸಡಿನ ಸಂದಿ ಎಷ್ಟು ಆಳ ಎಂದು ಅಳೆದರು. ಪಕ್ಕದಲ್ಲಿ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. "ಮೂರು, ಎರಡು, ಮೂರು. ಐದು, ನಾಲ್ಕು, ಐದು." ಮೂರು ಮಿಲಿಮೀಟರ್ ತನಕ ತೊಂದರೆ ಇಲ್ಲ, ಅದಕ್ಕಿಂತ ಆಳ ಇದ್ದರೆ ಅದು ರೋಗ ಕೂತ ಪಾಕೆಟ್. ಕೊನೆಗೆ ಹಿಂದಿನ ದವಡೆ ಹಲ್ಲಿಗೆ "ಏಳು" ಅಂದಾಗ ನನ್ನ ಎದೆ ಧಸಕ್ಕೆಂದಿತು. ಆ ಕ್ಲಿನಿಕ್ಕಿನಲ್ಲಿ ಹೀಗೆ ಅಳೆದೇ ಇರಲಿಲ್ಲ!

ವಸಡಿನ ಕೆಳಗೆ ಬೇರಿಗೆ ಕಚ್ಚಿಕೊಂಡ ಗಾರೆ ಹಾಗೇ ಕೂತಿತ್ತಂತೆ. ನಮ್ಮ ಕಡೆಯ ಕ್ಲಿನಿಕ್ಕುಗಳಲ್ಲಿ ಜಾಸ್ತಿ ಇರೋದು ಡಯೋಡ್ ಲೇಸರ್. ಅದು ಊದಿಕೊಂಡ ಮೆತ್ತನೆಯ ಭಾಗವನ್ನು ಸುಡುತ್ತದೆ, ಕೀಟಾಣು ಕಡಿಮೆ ಮಾಡುತ್ತದೆ. ಕಲ್ಲಾದ ಗಾರೆಯನ್ನು ಕೀಳುವುದಿಲ್ಲ. ಗಾರೆ ಉಳಿದರೆ ಅದರ ಮೇಲೆ ಮತ್ತೆ ಪಾಚಿ ಕಟ್ಟುತ್ತದೆ, ವಸಡು ಮತ್ತೆ ಊದುತ್ತದೆ. ಗಟ್ಟಿ ಗಾರೆ ತೆಗೆಯುವ ಎರ್ಬಿಯಂ ಲೇಸರ್ ಬೇರೆಯೇ ಇದೆ. ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕ ಎನ್‌ಡಿ ಯಾಗ್ ಲೇಸರ್ ವಿಧಾನದಲ್ಲೂ ಬೇರನ್ನು ಕೆರೆದು ಚೊಕ್ಕ ಮಾಡುವ ಹಂತ ಇದ್ದೇ ಇದೆ. ಅಲ್ಲಿನ ದಂತವೈದ್ಯರ ಸಂಘ 2015ರಲ್ಲಿ ಕೊಟ್ಟ ಮಾರ್ಗಸೂಚಿಯೂ ಮೊದಲ ಚಿಕಿತ್ಸೆಯಾಗಿ ಹೇಳಿದ್ದು ಡೀಪ್ ಕ್ಲೀನಿಂಗನ್ನೇ. ಇದನ್ನೆಲ್ಲ 24 ಸಾವಿರ ಕೊಟ್ಟ ಮೇಲೆ ಓದಿದೆ, ಅದೇ ಬೇಜಾರು.

ಡೀಪ್ ಕ್ಲೀನಿಂಗ್ ನಾಲ್ಕು ದಿನದ ಕೆಲಸ, ದಿನಕ್ಕೆ ಒಂದು ಭಾಗ. ಒಟ್ಟು 1,800 ರೂಪಾಯಿ ಆಯಿತು. ಮರಗಟ್ಟಿಸುವ ಇಂಜೆಕ್ಷನ್, ಆಮೇಲೆ ನೀರು ಚಿಮ್ಮಿಸುವ ಮಿಷನ್, ಕೊನೆಗೆ ಕೈಯಲ್ಲಿ ಕೊಕ್ಕೆಯಂಥ ಸಾಧನ ಹಿಡಿದು ಬೇರು ಕೆರೆಯುವುದು. ನೋವಿಲ್ಲ, ಸದ್ದು ಮಾತ್ರ ತೆಂಗಿನ ಚಿಪ್ಪು ಹೆರೆದ ಹಾಗೆ ತಲೆಯೊಳಗೇ ಕೇಳುತ್ತದೆ. ಆ ಹುಡುಗಿ ಹತ್ತಿಬಟ್ಟೆ ಮೇಲೆ ಇಟ್ಟು ತೋರಿಸಿದರು: ಕರಿ ಎಳ್ಳಿನಷ್ಟು ದಪ್ಪದ ಕಪ್ಪು ತುಣುಕುಗಳು. ಲೇಸರ್ ಆದ ಬಾಯಿಂದ ಬಂದದ್ದು!

ಇನ್ನು ಇದರ ಒಂದು ಕಿರಿಕಿರಿ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ.

ಎರಡನೇ ವಾರ ಕನ್ನಡಿ ನೋಡಿದರೆ ಕೆಳಗಿನ ಮುಂಹಲ್ಲುಗಳ ನಡುವೆ ಕಿಂಡಿ. ಸಣ್ಣ ಸಣ್ಣ ತ್ರಿಕೋನಗಳು, ಆ ಕಡೆಯ ಕತ್ತಲೆ ಕಾಣುತ್ತಿತ್ತು. ನಾಲಿಗೆ ದಿನಪೂರ್ತಿ ಅಲ್ಲೇ. ಫೋನಿನಲ್ಲಿ "ಸಾರ್, ಸಂಜೆ ಸಿಗ್ತೀನಿ" ಅಂದರೆ ಪ್ರತಿ "ಸ"ಗೂ ಸಣ್ಣ ಸಿಳ್ಳೆ. ತಣ್ಣೀರು ಕುಡಿದರೆ ಜುಮ್. ಮಂಡಕ್ಕಿ ತಿನ್ನೋ ಊರಿನವನು ನಾನು, ಒಂದೊಂದು ಕಿಂಡಿಯಲ್ಲೂ ಒಂದೊಂದು ಮಂಡಕ್ಕಿ ಚೂರು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಕಣಪ್ಪಾ" ಅಂತ ಅಮ್ಮ ಹೇಳುತ್ತಿದ್ದದ್ದು ಇದನ್ನೇ ನೋಡಿ ಇರಬೇಕು.

ಓಡಿಹೋಗಿ ಕೇಳಿದೆ. ಆ ಹುಡುಗಿ ನಕ್ಕರು. ಕಿಂಡಿ ಹೊಸದಲ್ಲ ಸಾರ್, ಮೂಳೆ ಕರಗಿ ಯಾವಾಗಲೋ ಆಗಿತ್ತು. ಇಷ್ಟು ದಿನ ಗಾರೆ, ಊದಿದ ವಸಡು ತುಂಬಿಕೊಂಡಿದ್ದವು, ಈಗ ಊತ ಇಳಿದು ಕಾಣ್ತಿದೆ ಎಂದರು. ಆ ವಸಡು ವಾಪಸ್ ಮೇಲೆ ಬರುವುದಿಲ್ಲವಂತೆ. ಜುಮ್ಮೆನ್ನುವುದು ಒಂದು ತಿಂಗಳಲ್ಲಿ ಕಡಿಮೆಯಾಯಿತು. ಕಿಂಡಿಗೆ ಬಾಟಲಿ ತೊಳೆಯೋ ಬ್ರಷ್ಷಿನ ಮರಿಯಂಥ ಒಂದು ಬ್ರಷ್ ಕೊಟ್ಟರು. ಸರಿಯಾದ ಸೈಜು ಸಿಗುವ ತನಕ ಮೂರು ಪ್ಯಾಕೆಟ್ ದಂಡ: ಒಂದು ಒಳಗೇ ಹೋಗಲಿಲ್ಲ, ಒಂದರ ತಂತಿ ಮುರಿಯಿತು, ಒಂದು ಸುಮ್ನೆ ಗಾಳಿಯಲ್ಲಿ ಆಡಿದ ಹಾಗೆ. ಈಗ ಜೇಬಿನಲ್ಲಿ ಪೆನ್ನಿನ ಪಕ್ಕ ಅದೂ ಇರುತ್ತದೆ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಎರಡು ವಾರ ಕೊಟ್ಟಿದ್ದರು. ಸಾರಿನ ರುಚಿ ಹೋಯಿತು, ನನ್ನ ಚಹಾ ಚಟಕ್ಕೆ ಹಲ್ಲು ಕಂದಾಯಿತು.

ಏಳು ಮಿಲಿಮೀಟರಿನ ಆ ದವಡೆ ಹಲ್ಲು ಇಷ್ಟಕ್ಕೆ ಬಗ್ಗಲಿಲ್ಲ. ಎರಡು ತಿಂಗಳ ಮೇಲೆ ಅಳೆದಾಗ ಆರಕ್ಕೆ ನಿಂತಿತ್ತು. ಅಲ್ಲಿ ಮಾತ್ರ ಫ್ಲಾಪ್ ಸರ್ಜರಿ ಮಾಡಿಸಿದೆ. ವಸಡನ್ನು ಬಿಡಿಸಿ, ಬೇರನ್ನು ಕಣ್ಣಾರೆ ನೋಡಿ ಚೊಕ್ಕ ಮಾಡಿ ಹೊಲಿಗೆ ಹಾಕುತ್ತಾರೆ. ನಾನು ಹೆದರಿದ್ದೇ ಜಾಸ್ತಿ. ಎರಡು ದಿನ ಕೆನ್ನೆ ಊದಿತ್ತು, ಒಂದು ವಾರ ಮೆತ್ತನೆ ಅನ್ನ, ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಈಗ ಅದು ನಾಲ್ಕು.

ಶುಗರ್ ಇರುವವರಿಗೆ ಇನ್ನೊಂದು ವಿಷಯ. ವಸಡು ವಾಸಿಯಾದರೆ ಮೂರು ತಿಂಗಳ ಶುಗರ್ ಸರಾಸರಿ, ಅಂದರೆ ಎಚ್‌ಬಿಎ1ಸಿ, ಸುಮಾರು 0.4ರಷ್ಟು ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ನನ್ನದೂ ಸ್ವಲ್ಪ ಇಳಿದಿದೆ, ಆದರೆ ಅದೇ ಹೊತ್ತಿಗೆ ಸಂಜೆ ನಡಿಗೆಯನ್ನೂ ಶುರು ಮಾಡಿದ್ದೆ. ಯಾವುದಕ್ಕೆ ಶಭಾಷ್ ಅನ್ನೋದು?

ರಜೆ ಹಾಕಲು ಆಗದವರಿಗೆ ಕಾಲೇಜು ಕಷ್ಟ. ಬೆಳಗ್ಗೆ ಚೀಟಿ ಮಾಡಿಸಿ ಕೂತರೆ ಮಧ್ಯಾಹ್ನ. ನನಗೆ ಶನಿವಾರ ಖಾಲಿ, ದುಡ್ಡು ಬಿಗಿ, ಬ್ರಷ್ ತಪ್ಪಿಸದ ಅಭ್ಯಾಸ ಬಂದಿದೆ. ಹಾಗಾಗಿ ಡೀಪ್ ಕ್ಲೀನಿಂಗ್, ಮೂರು ತಿಂಗಳಿಗೊಮ್ಮೆ ಚೆಕಪ್, ಅಷ್ಟೇ. ಕೈಯಲ್ಲಿ ದುಡ್ಡಿದ್ದು, ಬೇರು ಕೆರೆದ ಮೇಲೆ ಲೇಸರನ್ನೂ ಹಿಡಿಯುತ್ತೇವೆ ಅಂದರೆ ಹಿಡಿಸಿಕೊಳ್ಳಿ, ಬೇಡ ಅನ್ನಲ್ಲ.

ನಮ್ಮ ಭಾವ ಮುಂದಿನ ವಾರಕ್ಕೆ ಲೇಸರ್ ಬುಕ್ ಮಾಡಿದ್ದಾರೆ. ಅಡ್ವಾನ್ಸೂ ಕೊಟ್ಟಾಯ್ತಂತೆ. "ಅಳೆದರಾ ಭಾವ? ಎಷ್ಟು ಮಿಲಿಮೀಟರ್ ಅಂದ್ರು?" ಅಂತ ಕೇಳಿದೆ. "ಅದೇನು ಅಳೆಯೋದು?" ಅಂದರು.