ಎರಡು ಇನ್ಶೂರೆನ್ಸ್ ಇದ್ರೂ ಮೂರು ಸಲ ಮೈಸೂರಿಗೆ ಓಡಾಟ (3/5)
ಮಗನ ಹಾರ್ಟ್ ಆಪರೇಷನ್‌ಗೆ ಮಡಿಕೇರಿಯಿಂದ ಮೈಸೂರಿಗೆ ಹೋಗಿದ್ವಿ. ಒಂದು ನಮ್ಮೆಜಮಾನ್ರ ಕಂಪನಿ ಗ್ರೂಪ್ ಪಾಲಿಸಿ, ಅದು 2 ಲಕ್ಷದ್ದು, ಇನ್ನೊಂದು ನಾವೇ ಮಾಡಿಸಿದ ಫ್ಯಾಮಿಲಿ ಫ್ಲೋಟರ್, ಅಂದ್ರೆ ಮನೆಯವ್ರಿಗೆಲ್ಲ ಸೇರಿ ಒಂದೇ ಪಾಲಿಸಿ. ಬಿಲ್ ಬಂದಿದ್ದು 2,86,000. ಗ್ರೂಪ್ ಪಾಲಿಸಿ ಕ್ಯಾಶ್‌ಲೆಸ್ (ಕಂಪನಿನೇ ನೇರ ಆಸ್ಪತ್ರೆಗೆ ಕಟ್ಟೋದು) ಚೆನ್ನಾಗೇ ಆಯ್ತು, ಉಳಿದ 86,000 ನಾವೇ ಕಟ್ಟಿ ಆಮೇಲೆ ಎರಡನೇ ಕಂಪನಿಲಿ ರೀಇಂಬರ್ಸ್‌ಮೆಂಟ್ ಹಾಕಿದ್ವಿ, ಅಂದ್ರೆ ಕಟ್ಟಿದ ದುಡ್ಡು ವಾಪಸ್ ಕೇಳಿದ್ವಿ, ಗೋಳು ಶುರುವಾಗಿದ್ದೇ ಅಲ್ಲಿಂದ.

ಈ ಎರಡನೇ ಕಂಪನಿಯವ್ರು ಒರಿಜಿನಲ್ ಬಿಲ್ಲೇ ಬೇಕಂತಾರೆ, ಅದು ಮೊದಲ್ನೇ ಕಂಪನಿ ಹತ್ರ ಹೋಗಿದೆ, ಕಸ್ಟಮರ್ ಕೇರಲ್ಲಿ ಪ್ರತಿ ಸಲ ಹೊಸಬ್ರು, ಪ್ರತಿ ಸಲ ಮೊದ್ಲಿಂದ ಕಥೆ. ಕೊನೆಗೆ ನಮ್ಮೂರಿನ ಏಜೆಂಟ್ ಅಣ್ಣನೇ ಹೇಳಿದ್ದು, ಮೊದಲ್ನೇ ಕಂಪನಿಯ ಸೆಟಲ್‌ಮೆಂಟ್ ಲೆಟರ್ (ಅವ್ರು ಎಷ್ಟು ಕೊಟ್ರು ಅನ್ನೋ ಪತ್ರ) ತಗೊಳ್ಳಿ, ಬಿಲ್ಲು ಡಿಸ್ಚಾರ್ಜ್ ಸಮರಿ ಎಲ್ಲದ್ರ ಜೆರಾಕ್ಸ್‌ಗೂ ಆಸ್ಪತ್ರೆ ಸೀಲ್ ಹಾಕಿಸಿ ಅಂತ. ಜುಲೈ ಮಳೆ ಬೇರೆ, ಪೇಪರೆಲ್ಲ ಗೊಬ್ಬರದ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಬಸ್ಸಲ್ಲಿ ಮಡಿಲಲ್ಲೇ ಇಟ್ಕೊಂಡು ಹೋದೆ, ಸೀಲಿನ ನೀಲಿ ಇಂಕು ಮಾತ್ರ ಒಂದು ಮೂಲೇಲಿ ಹರಡ್ಕೊಂಡಿತ್ತು, ಪುಣ್ಯಕ್ಕೆ ಅದಕ್ಕೇನೂ ತಕರಾರು ತೆಗೀಲಿಲ್ಲ.

79,000 ಬಂತು. ಗ್ಲೌಸು, ಫೈಲ್ ಚಾರ್ಜು ಅಂತ 7,000 ಕಟ್ ಮಾಡಿದ್ರು. ಯಾವ ಪಾಲಿಸಿ ಮೊದ್ಲು ಬಳಸ್ಬೇಕು ಅನ್ನೋದು ನಮ್ಮಿಷ್ಟ, ಹಾಗಾಗಿ ಕ್ಯಾಶ್‌ಲೆಸ್ ಸಲೀಸಾಗಿ ಆಗೋದನ್ನೇ ಮೊದ್ಲು ಹಾಕಿ. ಅಡ್ಮಿಷನ್ ದಿನಾನೇ ಎರಡೂ ಕಂಪನಿಗೆ ತಿಳಿಸ್ಬಿಡಿ, ನಾನು ಎರಡನೇದಕ್ಕೆ ಲೇಟಾಗಿ ತಿಳಿಸಿ ಬೈಸ್ಕೊಂಡೆ. ಏಜೆಂಟ್ ಅಣ್ಣಂಗೆ 5/5, ಕಸ್ಟಮರ್ ಕೇರ್‌ಗೆ 1.