10 ಮಿಲಿವಾಟ್ ಹಾಟ್‌ಸ್ಪಾಟ್: ಮಳೆಗಾಲ ದಾಟಿದ ಮೇಲೆ ಹೇಳುವ ಮಾತು

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟದ ಮನೆ. ಸುತ್ತ ಗುಡ್ಡ. ನನಗೆ ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಹುಚ್ಚು. ಕೈಯಲ್ಲಿ ಹಿಡಿಯುವ 5 ವಾಟ್ ಸೆಟ್‌ಗೆ ಇಲ್ಲಿಂದ ಯಾವ ರಿಪೀಟರೂ (ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ) ಸಿಗುವುದಿಲ್ಲ. ಅದಕ್ಕೇ ಸೆಟ್ಟನ್ನು ಇಂಟರ್ನೆಟ್‌ಗೆ ಜೋಡಿಸುವ ಎಂಎಂಡಿವಿಎಂ ಹಾಟ್‌ಸ್ಪಾಟ್ ಎಂಬ ಡಬ್ಬಿ ತಂದೆ: ರಾಸ್ಪ್‌ಬೆರಿ ಪೈ ಝೀರೊ ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಮೇಲೊಂದು ಸಿಂಪ್ಲೆಕ್ಸ್ (ಒಮ್ಮೆಗೆ ಕಳಿಸುವುದು ಇಲ್ಲವೇ ಕೇಳುವುದು, ಒಂದನ್ನೇ ಮಾಡುವ) ರೇಡಿಯೊ ಬೋರ್ಡ್, ಒಳಗೆ ಪೈ-ಸ್ಟಾರ್ ಸಾಫ್ಟ್‌ವೇರ್. ಅಂಗೈಯಲ್ಲಿ ಹಿಡಿಸುತ್ತದೆ.

ಸೆಟ್‌ನ ಡಿಎಂಆರ್ (ಡಿಜಿಟಲ್ ರೇಡಿಯೊ) ಸಿಗ್ನಲ್ ಹಿಡಿದು ಇಂಟರ್ನೆಟ್ ಮೂಲಕ ಹ್ಯಾಮ್‌ಗಳನ್ನು ಜೋಡಿಸುವ ಬ್ರ್ಯಾಂಡ್‌ಮೈಸ್ಟರ್ ಜಾಲದ ಸರ್ವರ್‌ಗೆ ದಾಟಿಸುವುದು, ಅಲ್ಲಿಂದ ಬಂದದ್ದನ್ನು ಸೆಟ್‌ಗೆ ಕೊಡುವುದು, ಇಷ್ಟೇ ಇದರ ಕೆಲಸ. ಪವರ್ ಸುಮಾರು 10 ಮಿಲಿವಾಟ್. ಮನೆಯೊಳಗೆಲ್ಲಾ ಸಿಗುತ್ತದೆ, ಕಾಫಿ ಕಣದ ತನಕವೂ ಸಿಗುತ್ತದೆ. ಭಾರತದ 404 ಟಾಕ್‌ಗ್ರೂಪ್‌ನಲ್ಲಿ (ಎಲ್ಲರೂ ಸೇರಿ ಮಾತಾಡುವ ಗುಂಪು) ದೂರದವರ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಡೇಟಾ ಖರ್ಚು ತೀರಾ ಕಡಿಮೆ, ಮೊಬೈಲ್ ನೆಟ್ ಸಾಕು. ಆದರೆ ಝೀರೊ ಡಬ್ಲ್ಯೂಗೆ 2.4 ಗಿಗಾಹರ್ಟ್ಝ್ ವೈಫೈ ಮಾತ್ರ ಗೊತ್ತು. ಫೋನ್‌ನ ವೈಫೈ 5 ಗಿಗಾಹರ್ಟ್ಝ್‌ನಲ್ಲಿದ್ದರೆ ಅದರ ಕಣ್ಣಿಗೇ ಬೀಳುವುದಿಲ್ಲ.

ಪವರ್ ಕಡಿಮೆ ಅಂತ ಲೈಸೆನ್ಸ್ ಬೇಡ ಅಂದುಕೊಳ್ಳಬೇಡಿ. ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಜೊತೆ ಬರುವ ಕಾಲ್‌ಸೈನ್ (ಗುರುತಿನ ಸಂಕೇತ) ಇದ್ದವರಿಗೇ 7 ಅಂಕಿಯ ಡಿಎಂಆರ್ ಐಡಿ ಸಿಗುವುದು. ಫ್ರೀಕ್ವೆನ್ಸಿಯನ್ನೂ ಸುಮ್ನೆ ಆರಿಸಬಾರದು. ಈ ಬ್ಯಾಂಡಿನಲ್ಲಿ ಭಾರತದ ಹ್ಯಾಮ್‌ಗಳಿಗಿರುವುದು 434ರಿಂದ 438 ಮೆಗಾಹರ್ಟ್ಝ್. ಅದರಲ್ಲಿ 435ರ ಮೇಲಿನದು ಉಪಗ್ರಹಗಳ ಜಾಗ, ಅಲ್ಲಿಗೆ ಹೋಗಬೇಡಿ.

ಬೋರ್ಡ್ ಬಂದ ಹೊಸದರಲ್ಲಿ ನನ್ನ ದನಿ ತುಂಡು ತುಂಡಾಗಿ ಹೋಗುತ್ತಿತ್ತು. ಕಾರಣ ಆಫ್‌ಸೆಟ್, ಅಂದರೆ ಫ್ರೀಕ್ವೆನ್ಸಿಯ ವ್ಯತ್ಯಾಸ. ಈ ಅಗ್ಗದ ಬೋರ್ಡ್‌ಗಳು ಹೇಳಿದ ಫ್ರೀಕ್ವೆನ್ಸಿಗಿಂತ ಕೆಲವು ನೂರು ಹರ್ಟ್ಝ್ ಆಚೀಚೆ ಇರುತ್ತವೆ. ಪೈ-ಸ್ಟಾರ್ ಪುಟದಲ್ಲಿ ಬಿಇಆರ್ (ಸಿಗ್ನಲ್‌ನಲ್ಲಿ ತಪ್ಪಾಗಿ ಬಂದ ಬಿಟ್‌ಗಳ ಪ್ರಮಾಣ) ನೋಡುತ್ತಾ ಸ್ವಲ್ಪ ಸ್ವಲ್ಪ ಸರಿಸಬೇಕು. 1 ಶೇಕಡಾಕ್ಕಿಂತ ಕೆಳಗೆ ಬಂದರೆ ಸಾಕು. ಆಮೇಲೆ ಪರೀಕ್ಷೆಗೆಂದೇ ಇರುವ 9990 ನಂಬರ್‌ಗೆ ಪ್ರೈವೇಟ್ ಕಾಲ್ ಮಾಡಿ, ನಿಮ್ಮ ಮಾತನ್ನೇ ಗಿಳಿಯ ಹಾಗೆ ವಾಪಸ್ ಕೇಳಿಸುತ್ತದೆ. ಒಮ್ಮೆ ಸರಿಯಾದ ಮೇಲೆ ನಾನು ಮತ್ತೆ ಮುಟ್ಟಿಲ್ಲ.

ನಿಜವಾದ ತಲೆನೋವು ಸಿಂಪ್ಲೆಕ್ಸ್‌ನದು. ಗ್ರೂಪ್‌ನಲ್ಲಿ ಯಾರೋ ಮಾತಾಡುತ್ತಿದ್ದರೆ ಬೋರ್ಡ್ ಸೆಟ್‌ಗೆ ಕಳಿಸುವುದರಲ್ಲೇ ಇರುತ್ತದೆ, ನೀವು ಪಿಟಿಟಿ (ಮಾತಾಡುವ ಗುಂಡಿ) ಒತ್ತಿದ್ದು ಅದಕ್ಕೆ ಕೇಳುವುದೇ ಇಲ್ಲ. ಗ್ರೂಪ್ ಬಿಡಲು 4000 ನಂಬರ್‌ಗೆ ಕರೆ ಮಾಡಬೇಕೆಂದರೂ ಮಾತಾಡುವವರು ಉಸಿರು ತೆಗೆದುಕೊಳ್ಳುವ ತನಕ ಕಾಯಬೇಕು. ಕೆಲವರು ತೆಗೆದುಕೊಳ್ಳುವುದೇ ಇಲ್ಲ, ಅಲ್ವಾ! ಗದ್ದಲದ ಗ್ರೂಪ್‌ಗಳನ್ನು ಸ್ಟ್ಯಾಟಿಕ್ (ಸದಾ ಜೋಡಿಸಿಟ್ಟದ್ದು) ಇಡದೆ ಬಿಟ್ಟಿದ್ದೇನೆ. ಈಗ ಕೊಳ್ಳುವವರು ಕಳಿಸುತ್ತಲೇ ಕೇಳಬಲ್ಲ, ಎರಡು ಆಂಟೆನಾದ ಡ್ಯೂಪ್ಲೆಕ್ಸ್ ಬೋರ್ಡನ್ನೇ ನೋಡಿ.

ಇನ್ನು ಮಲೆನಾಡಿನ ಮಳೆ. ಆರಿದ್ರಾ ಮಳೆ ಹಿಡಿದರೆ ಮರ ಬಿದ್ದು ಕರೆಂಟು ಹೋಗುತ್ತದೆ. ಹಾಟ್‌ಸ್ಪಾಟ್‌ಗೇನೋ ಪವರ್ ಬ್ಯಾಂಕ್ ಸಾಕು. ಪೈ-ಸ್ಟಾರ್ ಮೆಮೊರಿ ಕಾರ್ಡನ್ನು ಓದಲು ಮಾತ್ರ ತೆರೆದಿಟ್ಟುಕೊಳ್ಳುವುದರಿಂದ ಕರೆಂಟು ಥಟ್ಟನೆ ಹೋದರೂ ನನ್ನ ಕಾರ್ಡ್ ಕೆಟ್ಟಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಸುಮ್ಮನಾಗುತ್ತದೆ. ಆಗ ಡಬ್ಬಿಯ ಲೈಟ್ ಮಿನುಗುತ್ತಿರುತ್ತದೆ, ಮಾತು ಮಾತ್ರ ಅಂಗಳ ದಾಟುವುದಿಲ್ಲ. ಅಂಥ ಹೊತ್ತಲ್ಲಿ ನನಗೆ ಜಿಲ್ಲೆಯಾಚೆಯ ಸುದ್ದಿ ಸಿಕ್ಕಿದ್ದು ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿದ 40 ಮೀಟರ್ ಬ್ಯಾಂಡಿನ ಆಂಟೆನಾ ತಂತಿಯಿಂದ, ಇಂಟರ್ನೆಟ್ ಇಲ್ಲದೆ ದೂರ ಮುಟ್ಟುವ ಎಚ್‌ಎಫ್ (ಶಾರ್ಟ್‌ವೇವ್) ಸೆಟ್‌ನಲ್ಲಿ. ದಿನದ ಹರಟೆಗೆ ಹಾಟ್‌ಸ್ಪಾಟ್ ಧಾರಾಳವಾಗಿ ಕೊಳ್ಳಿ, ಅದಕ್ಕೋಸ್ಕರ ಹಳೆ ಎಚ್‌ಎಫ್ ಸೆಟ್ ಮಾತ್ರ ಮಾರಬೇಡಿ.