ಅಸ್ಥಿಮಜ್ಜೆಯ ಸ್ಕ್ಯಾನ್: ಚಿತ್ರ ಸ್ಪಷ್ಟ, ವರದಿ ಅಪೂರ್ಣ

ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದ ನನ್ನ ಅಕ್ಕನ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಸಂಖ್ಯೆ ತಿಂಗಳುಗಳು ಕಳೆದರೂ ಏರದಿದ್ದಾಗ, ಕಿಮೋಥೆರಪಿಗೆ ಮುನ್ನ ಅಸ್ಥಿಮಜ್ಜೆಯ, ಅಂದರೆ ಮೂಳೆಯೊಳಗೆ ರಕ್ತಕಣಗಳನ್ನು ಉತ್ಪಾದಿಸುವ ಅಂಗಾಂಶದ, ಸ್ಕ್ಯಾನ್ ಮಾಡಿಸಲು ವೈದ್ಯರು ಸೂಚಿಸಿದರು. ಬೆಂಗಳೂರಿನ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಪಡೆದ ಆ ಸೇವೆಯ ವಿಮರ್ಶೆ ಇದು.

ಈ ಪರೀಕ್ಷೆ ಅಗತ್ಯವೆಂದು ನನಗೆ ಮನವರಿಕೆಯಾಗಿದೆ. ರಕ್ತ ಪರೀಕ್ಷೆ ಒಟ್ಟು ಎಣಿಕೆಯನ್ನಷ್ಟೇ ಹೇಳುತ್ತದೆ; ಮಜ್ಜೆಯ ಮಾದರಿಗಾಗಿ ಸೂಜಿ ಚುಚ್ಚುವುದು ಸಾಮಾನ್ಯವಾಗಿ ಸೊಂಟದ ಮೂಳೆಗೆ, ಅಂದರೆ ಅಕ್ಕನ ವಿಷಯದಲ್ಲಿ ವಿಕಿರಣ ಬಿದ್ದ ಜಾಗಕ್ಕೇ. ಉಳಿದ ಮಜ್ಜೆಯ ಸ್ಥಿತಿ ಅದರಿಂದ ತಿಳಿಯುವುದಿಲ್ಲ.

ಕೈಯ ರಕ್ತನಾಳಕ್ಕೆ ಕೊಟ್ಟದ್ದು ಟೆಕ್ನೀಷಿಯಂ-99ಎಂ ಸಲ್ಫರ್ ಕೊಲಾಯ್ಡ್, ಅಂದರೆ ಮಜ್ಜೆಯಲ್ಲಿ ಸೇರಿ ಕ್ಯಾಮೆರಾದ ಚಿತ್ರದಲ್ಲಿ ಹೊಳೆಯುವ ವಿಕಿರಣಶೀಲ ಸೂಕ್ಷ್ಮಕಣಗಳ ದ್ರವ. ಅದರ ಅರ್ಧಾಯುಷ್ಯ (ವಿಕಿರಣಶೀಲತೆ ಅರ್ಧಕ್ಕಿಳಿಯುವ ಸಮಯ) ಸುಮಾರು 6 ಗಂಟೆ ಎಂಬುದನ್ನೂ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಂದು ದೂರವಿರಬೇಕೆಂಬುದನ್ನೂ ತಂತ್ರಜ್ಞೆ ಕೇಳುವ ಮೊದಲೇ ತಾಳ್ಮೆಯಿಂದ ವಿವರಿಸಿದರು. ಕೊಲಾಯ್ಡ್‌ನ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಹೀರಿಕೊಳ್ಳುವುದರಿಂದ ಎದೆಯ ಕೆಳಭಾಗದ ಕಶೇರುಗಳು ಆ ಹೊಳಪಿನಲ್ಲಿ ಮರೆಯಾಗುತ್ತವೆ. ಇದು ಪರೀಕ್ಷೆಯ ಮಿತಿಯೇ ಹೊರತು ಸಿಬ್ಬಂದಿಯ ದೋಷವಲ್ಲ.

ಚಿತ್ರ ಮಾತ್ರ ಮರೆಯಲಾಗದಂಥದ್ದು. ಸೊಂಟದ ಮೇಲಿನ ಕಶೇರುಗಳಲ್ಲಿ ಸಮನಾಗಿ ಕಾಣುತ್ತಿದ್ದ ಹೊಳಪು ಸೊಂಟದ ಐದನೆಯ ಕಶೇರುವಿನ ಬಳಿ ಅಡ್ಡಗೆರೆ ಎಳೆದಂತೆ ನಿಂತಿತ್ತು. ಅದರ ಕೆಳಗೆ ತ್ರಿಕಾಸ್ಥಿ (ಬೆನ್ನುಮೂಳೆಯ ಬುಡದ ತ್ರಿಕೋನಾಕಾರದ ಮೂಳೆ) ಮತ್ತು ಸೊಂಟದ ಮೂಳೆಗಳು ಬಹುತೇಕ ಖಾಲಿಯಾಗಿದ್ದವು. ರೋಗದಿಂದ ಅಷ್ಟು ನೇರವಾದ ಅಂಚು ಮೂಡುವುದು ಅಪರೂಪ, ಅದು ಚಿಕಿತ್ಸೆಯ ವಿಕಿರಣ ಬಿದ್ದ ಜಾಗದ ಅಂಚು. ವಯಸ್ಕರಲ್ಲಿ ಕೊಬ್ಬಿನ ಮಜ್ಜೆಯೇ ಇರುವ ತೊಡೆಮೂಳೆಯ ಕೆಳತುದಿಯಲ್ಲಿ ಮಸುಕಾದ ಹೊಳಪು ಕಂಡಿತು: ಉಳಿದ ದೇಹ ನಷ್ಟವನ್ನು ತುಂಬಿಕೊಳ್ಳಲು ಯತ್ನಿಸುತ್ತಿತ್ತು.

ಇಷ್ಟು ಹೇಳುವ ಚಿತ್ರಕ್ಕೆ ಸಿಕ್ಕಿದ ವರದಿ ಎರಡೇ ಸಾಲಿನದು. ವಿಕಿರಣ ತಾಗಿದ ಮತ್ತು ತಾಗದ ಕಶೇರುಗಳ ಹೊಳಪಿನ ಅನುಪಾತ ಅದರಲ್ಲಿಲ್ಲ. ಎಲ್ಲಿಗೆ ಎಷ್ಟು ವಿಕಿರಣ ಬಿತ್ತೆಂದು ತೋರಿಸುವ ಚಿಕಿತ್ಸೆಯ ಡೋಸ್ ನಕ್ಷೆಯೊಂದಿಗೆ ಹೋಲಿಸಿಲ್ಲ. ಕೊಲಾಯ್ಡ್ ಸೇರುವುದು ಮಜ್ಜೆಯ ಭಕ್ಷಕ ಕೋಶಗಳನ್ನೇ (ಹೊರಗಿನ ಕಣಗಳನ್ನು ನುಂಗುವ ಕೋಶಗಳು) ಹೊರತು ರಕ್ತ ಉತ್ಪಾದಿಸುವ ಕೋಶಗಳನ್ನಲ್ಲ, ವಿಕಿರಣದ ನಂತರ ಇವೆರಡೂ ಜೊತೆಜೊತೆಯಾಗಿ ಚೇತರಿಸಿಕೊಳ್ಳದಿರಬಹುದು ಎಂಬ ಎಚ್ಚರಿಕೆಯೂ ಇರಲಿಲ್ಲ. ಹಿಂದೆ ಬಳಸುತ್ತಿದ್ದ ಕಬ್ಬಿಣ-59ರ (ವಿಕಿರಣಶೀಲ ಕಬ್ಬಿಣ) ಪರೀಕ್ಷೆ ನಿಧಾನವಾದರೂ, ಎಷ್ಟು ಕಬ್ಬಿಣ ಹೊಸ ಕೆಂಪು ಕಣಗಳಲ್ಲಿ ಸೇರಿತೆಂಬುದನ್ನು ದಿನಗಟ್ಟಲೆ ಅಳೆದು ನಿಜವಾದ ಉತ್ಪಾದನೆಯನ್ನೇ ತೋರಿಸುತ್ತಿತ್ತು. ಇಂದು ಎಫ್‌ಎಲ್‌ಟಿ ಎಂಬ ವಿಕಿರಣಶೀಲ ವಸ್ತುವನ್ನು ಬಳಸುವ ಪೆಟ್ ಸ್ಕ್ಯಾನ್ ಕೋಶ ವಿಭಜನೆಯನ್ನು ತೋರಿಸಬಲ್ಲದು. ಈ ವಿಭಾಗದಲ್ಲಿ ಅದಿಲ್ಲ.

ಆದರೂ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ. ಹೋಗುವವರು ವಿಕಿರಣ ಚಿಕಿತ್ಸೆಯ ಯೋಜನೆಯ ಪ್ರತಿಯನ್ನು ಜೊತೆಗೆ ಒಯ್ಯಲಿ, ಅನುಪಾತವನ್ನು ಅಂಕಿಯಲ್ಲೇ ಬರೆದುಕೊಡುವಂತೆ ಮೊದಲೇ ಕೇಳಲಿ.